ಅರ್ಧಿಂಚು ಮಾಸ್ಟ್ರು ಬಾವು ಅಳೆದದ್ದು

ಒಂದಾನೊಂದು ಬೀದಿಯಲ್ಲಿ ಒಬ್ಬ ದರ್ಜಿ ಇದ್ದ.

ಕಥೆಯನ್ನು ಕಾಲದಿಂದ ಶುರುಮಾಡಬೇಕು ಅಂತ ಅಜ್ಜಿ ಕಲಿಸಿದ್ದಳು. ಆದರೆ ಈ ಕಾಲ ಹೋದ ವರ್ಷದ್ದು, ದರ್ಜಿ ನನ್ನ ಚಿಕ್ಕಪ್ಪ. ಅವನನ್ನು ಏಳು ಸಮುದ್ರದಾಚೆಗೆ ಸಾಗಹಾಕಲು ನನಗೆ ಮನಸ್ಸಿಲ್ಲ. ಬೀದಿಯಲ್ಲೇ ಇರಲಿ.

ಬೀದಿಯವರು ಅವನನ್ನು ಅರ್ಧಿಂಚು ಮಾಸ್ಟ್ರು ಅನ್ನುತ್ತಿದ್ದರು. ಹೊಲಿಸಿದ ಬಟ್ಟೆ ಬಿಗಿಯಾಯಿತು ಅಂತ ಯಾರಾದರೂ ಬಂದರೆ, "ಒಳಗೆ ಅರ್ಧ ಇಂಚು ಬಿಟ್ಟಿದೀನಲ್ಲ, ಬಿಚ್ಚಿದ್ರಾಯ್ತು" ಅನ್ನುತ್ತಿದ್ದ. ಸಡಿಲವಾಯಿತು ಅಂತ ಬಂದರೆ, "ನೀವೇ ಅರ್ಧ ಇಂಚು ಇಳಿದುಹೋಗಿದೀರಿ, ಮನೇಲಿ ಸರಿಯಾಗಿ ಊಟ ಹಾಕ್ತಿಲ್ವಾ?" ಅನ್ನುತ್ತಿದ್ದ. ತಪ್ಪು ಯಾವತ್ತೂ ಬಟ್ಟೆಯದಲ್ಲ, ಟೇಪಿನದಲ್ಲ, ಮಾಸ್ಟ್ರದಂತೂ ಅಲ್ಲವೇ ಅಲ್ಲ. ಗಿರಾಕಿಯ ಮೈಯದು.

ಈ ದರ್ಜಿಗೆ ಒಬ್ಬಳು ಹೆಂಡತಿ. ರಾಜಕುಮಾರಿಯಲ್ಲ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಸಿಸ್ಟೆಂಟು. ಅಜ್ಜಿಯ ಕಥೆಗಳಲ್ಲಿ ಹೆಂಡತಿಯರು ಶಾಪ ತಗುಲಿ ಕಲ್ಲಾಗುತ್ತಿದ್ದರು, ಗಿಳಿಯಾಗುತ್ತಿದ್ದರು. ನನ್ನ ಚಿಕ್ಕಮ್ಮನಿಗೆ ಯಾರ ಶಾಪವೂ ಇಲ್ಲದೆ ಎದೆಯಲ್ಲೊಂದು ಗಂಟಾಯಿತು. ಡಾಕ್ಟರು ಅದನ್ನು ತೆಗೆದರು, ಎಡ ಕಂಕುಳಲ್ಲಿದ್ದ ಸಣ್ಣ ಸಣ್ಣ ಗ್ರಂಥಿಗಳನ್ನೂ ತೆಗೆದರು, ಗಂಡಾಂತರ ಕಳೆಯಿತು ಅಂದರು. ಕಳೆದದ್ದು ನಿಜ. ಆದರೆ ಅದಾದ ಮೇಲೆ ಎಡಗೈ ಬಾತುಕೊಳ್ಳತೊಡಗಿತು. ಬಲಗೈ ಚಿಕ್ಕಮ್ಮನದಾಗಿಯೇ ಉಳಿಯಿತು. ಎಡಗೈ ಮಾತ್ರ ಯಾರೋ ದಪ್ಪನೆಯ ಹೆಂಗಸು ಇಟ್ಟುಕೊಂಡಿರು ಅಂತ ಕೊಟ್ಟು ಹೋದ ಹಾಗೆ ಕಾಣುತ್ತಿತ್ತು.

ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಚಿಕ್ಕಪ್ಪ ಒಂದು ಮಾತು ಕೊಟ್ಟಿದ್ದ. "ನೀನು ಲ್ಯಾಬಿಗೆ ವಾಪಸ್ ಹೋಗೋ ದಿನ ನಾನು ಹೊಲಿದ ಹೊಸ ಕೋಟು ಹಾಕ್ಕೊಂಡೇ ಹೋಗ್ತೀಯ. ನೋಡ್ತಿರು."

ಕೋಟು ಅಂದರೆ ಬಿಳಿಯದು, ಉದ್ದ ತೋಳಿನದು. ಆಸಿಡ್ಡು ಇರುವ ಜಾಗ, ತೋಳು ಮಣಿಕಟ್ಟಿನವರೆಗೆ ಮುಚ್ಚದೆ ಯಾರೂ ಒಳಗೆ ಕಾಲಿಡಬಾರದು. ಈ ನಿಯಮವನ್ನು ಬಾಗಿಲಲ್ಲಿ ನಿಂತು ಜಾರಿಮಾಡುತ್ತಿದ್ದವಳೇ ಚಿಕ್ಕಮ್ಮ. ತೋಳು ಮಡಚಿಕೊಂಡು ಬಂದ ಪ್ರೊಫೆಸರರನ್ನೂ ಹೊರಗೆ ನಿಲ್ಲಿಸಿದ್ದವಳು. ಈಗ ಅವಳ ಹಳೆಯ ಕೋಟಿನ ಎಡತೋಳು ಮೊಣಕೈವರೆಗೂ ಏರುತ್ತಿರಲಿಲ್ಲ. ರಜೆ ಮುಗಿಯುತ್ತ ಬಂದಿತ್ತು. ಬರದಿದ್ದರೆ ಲ್ಯಾಬಿಗೆ ಬೇರೆಯವರನ್ನು ಹಾಕಿ ನಿಮ್ಮನ್ನು ಸ್ಟೋರ್ ರೂಮಿಗೆ ಕೂರಿಸುತ್ತೇವೆ ಅಂತ ಪ್ರಿನ್ಸಿಪಾಲರು ಬಹಳ ಮೃದುವಾಗಿ ಹೇಳಿ ಕಳಿಸಿದ್ದರು.

"ಎಡತೋಳು ಒಂದಿಷ್ಟು ಅಗಲ ಮಾಡಿ ಹೊಲಿದುಬಿಡಿ" ಅಂತ ಚಿಕ್ಕಮ್ಮ ಹೇಳಿದ್ದಳು.

"ಒಂದು ತೋಳು ದೊಡ್ಡದು ಒಂದು ತೋಳು ಚಿಕ್ಕದು ಮಾಡೋಕೆ ನಾನೇನು ಗೋಣಿಚೀಲ ಹೊಲಿಯೋನಾ? ಕೈ ಇಳೀಲಿ. ಎರಡೂ ಒಂದೇ ಸಮ ಆಗ್ಲಿ. ಆಮೇಲೆ ಹೊಲಿತೀನಿ."

ಹೀಗೆ ಕೋಟಿನ ಬಟ್ಟೆ ಅಂಗಡಿಯ ಮೇಲಿನ ಹಲಗೆಯಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು. ದರ್ಜಿ ಹೆಂಡತಿಯ ಕೈ ತಗ್ಗುವುದನ್ನು ಕಾಯುತ್ತಿದ್ದ, ಹೆಂಡತಿ ಗಂಡನ ಹಟ ತಗ್ಗುವುದನ್ನು.

ಆಗ ಆರೋಗ್ಯ ಕೇಂದ್ರದಿಂದ ಥೆರಪಿಸ್ಟ್ ಹುಡುಗಿ ಬಂದಳು. ಬಾತ ಕೈಗೆ ಒಂದು ಬಗೆಯ ಮಸಾಜು ಇದೆ, ಮನೆಗೇ ಬಂದು ಮಾಡುತ್ತೇವೆ, ಪಾಳಿಯಲ್ಲಿ ನಿಮ್ಮ ಸರದಿ ಬಂದಿದೆ ಅಂದಳು. ಮಸಾಜು ಅಂದಾಕ್ಷಣ ಸೋದರತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಎಣ್ಣೆ ಬರುತ್ತದೆ, ಗುದ್ದು ಬರುತ್ತದೆ, ಚಿಕ್ಕಮ್ಮ ಅಯ್ಯೋ ಅನ್ನುತ್ತಾಳೆ ಅಂತ ಕಾದಳು. ಹುಡುಗಿ ಮೊದಲು ಚಿಕ್ಕಮ್ಮನ ಕುತ್ತಿಗೆಯ ಬದಿಯನ್ನು ನಿಧಾನಕ್ಕೆ ಸವರಿದಳು. ಆಮೇಲೆ ಬಲಗಡೆಯ ಕಂಕುಳ ಹತ್ತಿರ. ಆಮೇಲೆ ಎಡಗೈಯ ಮೇಲ್ಭಾಗ. ಚರ್ಮವನ್ನು ಬೆರಳಿನಿಂದ ಚೂರು ಸರಿಸಿ ಬಿಡುವುದು, ಸರಿಸಿ ಬಿಡುವುದು, ಅಷ್ಟೇ.

"ಇದೇನಮ್ಮಾ, ಮಾಲೀಶೋ ಧೂಳು ಒರೆಸೋದೋ?" ಅಂದಳು ಅತ್ತೆ. "ನಾನು ಬೆಕ್ಕನ್ನ ಇದಕ್ಕಿಂತ ಜೋರಾಗಿ ಸವರ್ತೀನಿ."

"ಜೋರಾಗಿ ಒತ್ತಿದ್ರೆ ಕೆಲಸ ಆಗಲ್ಲ ಆಂಟಿ. ಮೈಯಲ್ಲಿ ರಕ್ತ ಹರಿಯೋ ಹಾಗೇ ತಿಳಿನೀರಿನ ಥರದ್ದೂ ಒಂದು ಹರಿಯುತ್ತೆ. ಚರ್ಮದ ಕೆಳಗೇ ಅದರ ದಾರಿ. ಇವರಿಗೆ ಕಂಕುಳ ಗ್ರಂಥಿ ತೆಗೆದಿರೋದ್ರಿಂದ ಆ ದಾರಿ ಮುಚ್ಚಿದೆ. ನಾನು ಬೇರೆ ದಾರಿ ತೋರಿಸ್ತಿದೀನಿ."

"ದಾರಿ ಕೇಳೋಕೆ ಅದಕ್ಕೇನು ಕಿವಿ ಇದ್ಯಾ?"

ಚಿಕ್ಕಮ್ಮ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ನನಗಂತೂ ಆ ಹುಡುಗಿಯ ಬೆರಳು ಕತ್ತಲ ಕಾಡಿನಲ್ಲಿ ದಾರಿ ತಪ್ಪಿದ ನೀರಿಗೆ ದೀಪ ಹಿಡಿದ ಹಾಗೆ ಕಂಡು, ಬಾಯಿ ತೆರೆದುಕೊಂಡು ನಿಂತಿದ್ದೆ. ಅದನ್ನು ನೋಡಿ ಅವಳು ನನಗೇ ಸವರುವ ಕ್ರಮ ಕಲಿಸಿದಳು. ತಾನು ಬರದ ದಿನಗಳಲ್ಲಿ ನೀನು ಮಾಡು ಅಂದಳು.

ಹೊರಡುವಾಗ ಚಿಕ್ಕಪ್ಪ ಕೇಳಿದ: "ಇದು ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೇಗೆ?"

"ಕೈ ಭಾರ ಕಡಿಮೆ ಆಯ್ತಾ, ಚರ್ಮ ಮೆತ್ತಗಾಯ್ತಾ, ಒತ್ತಿದ್ರೆ ಕುಳಿ ಬೀಳೋದು ಕಡಿಮೆ ಆಯ್ತಾ, ಅದನ್ನೆಲ್ಲ ಅವರನ್ನೇ ಕೇಳ್ತಿರಿ. ಜೊತೆಗೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಥರ ಅಳತೆ ತಗೊಳ್ಳಿ. ತಿಂಗಳ ಕೊನೇಲಿ ನಾನೂ ಅಳೀತೀನಿ."

ಇಷ್ಟು ಮಾತಿನಲ್ಲಿ ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಅಳತೆ ಅನ್ನುವುದೊಂದೇ. ಅವನ ಎದೆ ಉಬ್ಬಿತು.

"ಅಳತೆ ವಿಷ್ಯ ನನಗೆ ಬಿಡಿ. ಇಡೀ ಬೀದಿಯ ಮೈ ಅಳೆದೋನು ನಾನು."

ಹಳೆಯ ಕಾಲದ ದರ್ಜಿಗಳ ಹಾಗೆ ಚಿಕ್ಕಪ್ಪನಿಗೆ ಅಂಕಿ ಬರೆದಿಡುವ ಅಭ್ಯಾಸವಿಲ್ಲ. ಗಿರಾಕಿಯ ಸುತ್ತ ಒಂದು ಪಟ್ಟಿ ಸುತ್ತುತ್ತಾನೆ, ತುದಿ ಸೇರಿದಲ್ಲಿ ಕತ್ತರಿಸುತ್ತಾನೆ, ಆ ಪಟ್ಟಿಯೇ ಅಳತೆ. ಕೋಟಿನ ಬಟ್ಟೆಯ ಅಂಚಿನಿಂದ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ ಚಿಕ್ಕಮ್ಮನ ಮೊಣಕೈ ಮೇಲೆ ಸುತ್ತಿ ತುಂಡುಮಾಡಿದ. ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಅದು ಮೊದಲ ಪಟ್ಟಿ.

ಮುಂದಿನ ವಾರ ಅಳೆಯುವಾಗ ಕೋಟಿನ ಬಟ್ಟೆ ಇಳಿಸಲು ಸೋಮಾರಿತನವಾಯಿತು. ಮಿಷನ್ನಿನ ಮೇಲೆ ಯಾರದೋ ಕುಪ್ಪಸದ ಕೊರಳಿನ ಅಂಚಿಗೆ ಪೈಪಿಂಗ್ ಹಾಕಲು ಕತ್ತರಿಸಿಟ್ಟ ಪಟ್ಟಿಗಳ ರಾಶಿಯಿತ್ತು. ಅದರಲ್ಲೊಂದನ್ನು ತೆಗೆದುಕೊಂಡು ಸುತ್ತಿದ, ತುಸು ಎಳೆದು ಬಿಗಿಮಾಡಿದ, ಕತ್ತರಿಸಿದ. ಮೊದಲ ಪಟ್ಟಿಯ ಪಕ್ಕ ನೇತುಹಾಕಿದ.

ಒಂದು ಬೆರಳಿನಷ್ಟು ಗಿಡ್ಡ!

"ಇಳೀತು!" ಅಂತ ಚಿಕ್ಕಪ್ಪ ಕೂಗಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. "ಇಳೀತು ಕಣೇ!"

"ಹೌದಾ?" ಚಿಕ್ಕಮ್ಮ ತೋಳು ಮುಟ್ಟಿಕೊಂಡಳು. "ಆದ್ರೆ ಇಲ್ಲಿ ಮೇಲುಗಡೆ ನನಗೇನೂ..."

"ನಿನಗೇನು ಗೊತ್ತಾಗುತ್ತೆ? ಪಟ್ಟಿ ನೋಡು."

ಅಲ್ಲಿಂದ ಪ್ರತಿ ವಾರ ಒಂದು ಪಟ್ಟಿ. ಪ್ರತಿ ಪಟ್ಟಿಯೂ ಹಿಂದಿನದಕ್ಕಿಂತ ಗಿಡ್ಡ. ಚಿಕ್ಕಪ್ಪನ ಸಂತೋಷ ಹೆಚ್ಚಿದಷ್ಟೂ ಅವನು ಎಳೆಯುವ ಕೈಯೂ ಹೆಚ್ಚು ಹುರುಪಿನಲ್ಲಿ ಎಳೆಯುತ್ತಿತ್ತು. ಗೋಡೆಯ ಮೇಲೆ ಪಟ್ಟಿಗಳು ಮೆಟ್ಟಿಲಿನ ಹಾಗೆ ಇಳಿದು ಬಂದವು. ನಾನು ದಿನಾ ಬೆಳಿಗ್ಗೆ ಕೈ ಸವರುತ್ತಿದ್ದವಳು, ನನ್ನ ಬೆರಳಲ್ಲಿ ಮಂತ್ರವಿದೆ ಅಂತಲೇ ನಂಬಿದೆ.

ಎದುರುಮನೆಯ ಟೀಚರ್ ಮೊದಲು ಬಂದವರು. ಗೋಡೆ ನೋಡಿದರು, ಕನ್ನಡಕ ಏರಿಸಿ ಮತ್ತೆ ನೋಡಿದರು. "ಮಾಸ್ಟ್ರೇ, ಇಷ್ಟು ಇಳಿದಿದ್ಯಾ! ಕೈಗೆ ಆಗೋದು ಗದ್ದಕ್ಕೂ ಆಗಬೇಕಲ್ವಾ?" ಅಂತ ತಮ್ಮ ಎರಡನೆಯ ಗದ್ದವನ್ನು ಹಿಡಿದು ತೋರಿಸಿದರು.

"ಯಾಕಾಗಲ್ಲ? ಮೊದಲು ಅಳತೆ ಕೊಡಿ."

ಟೀಚರ ಗದ್ದದ ಪಟ್ಟಿ ಗೋಡೆಗೆ ಏರಿತು. ಮರುದಿನ ಇಸ್ತ್ರಿಯವನು ಬಂದ. ಹಗಲೆಲ್ಲ ನಿಂತು ನಿಂತು ಅವನ ಪಾದ ಊದುತ್ತಿತ್ತು. ಡಾಕ್ಟರ ಹತ್ತಿರ ಹೋಗಬೇಕೆಂದಿದ್ದವನು, ಹೇಗೂ ಇಲ್ಲೇ ಆಗುತ್ತದಲ್ಲ ಅಂತ ಬಂದುಬಿಟ್ಟ. ಅವನ ಕಣಕಾಲಿನ ಪಟ್ಟಿಯೂ ಏರಿತು. ಮುಂದಿನ ವಾರ ಪೈಪಿಂಗ್ ಪಟ್ಟಿಯನ್ನು ಇನ್ನಷ್ಟು ಎಳೆದು ಅಳೆದಾಗ ಟೀಚರ ಗದ್ದವೂ ಇಳಿದಿತ್ತು, ಇಸ್ತ್ರಿಯವನ ಕಾಲೂ ಇಳಿದಿತ್ತು.

"ನನಗೆ ಚಪ್ಪಲಿ ಇನ್ನೂ ಬಿಗಿಯಾಗೇ ಇದೆಯಲ್ಲ ಮಾಸ್ಟ್ರೇ?"

"ಚಪ್ಪಲಿ ಹಳೇದಾಗಿ ಸುಕ್ಕುಗಟ್ಟಿದೆ. ಪಟ್ಟಿ ನೋಡಯ್ಯ."

ಚಿಕ್ಕಮ್ಮ ಒಳಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ಚಿಕ್ಕಮ್ಮ, ನಿಜವಾಗಿಯೂ ಇಳಿದಿದ್ಯಾ?" ಅಂತ ಒಮ್ಮೆ ಕೈ ಸವರುವಾಗ ಕೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು.

"ಬೆರಳು ಹಗುರಾಗಿದೆ ಕಣೇ. ಮಣಿಕಟ್ಟೂ ಪರವಾಗಿಲ್ಲ. ಮೇಲುಗಡೆ ಹಾಗೇ ಇದೆ. ನಿಮ್ಮ ಚಿಕ್ಕಪ್ಪನಿಗೆ ಹೇಳೋಕೆ ಹೋದೆ, ಪಟ್ಟಿ ನೋಡು ಅಂದ್ರು." ಆಮೇಲೆ ತಡೆದು ಅಂದಳು: "ಆಪರೇಷನ್ ಆದಾಗಿಂದ ಆ ಮನುಷ್ಯ ಮಾತೇ ಆಡ್ತಿರ್ಲಿಲ್ಲ. ಮಿಷನ್ ತುಳಿಯೋ ಸದ್ದು ಬಿಟ್ರೆ ಮನೇಲಿ ಏನೂ ಇರ್ಲಿಲ್ಲ. ಈಗ ಹೇಗೆ ಕೂಗಾಡ್ತಾರೆ ನೋಡು. ಇರ್ಲಿ ಬಿಡು."

ತಿಂಗಳ ಕೊನೆಯಲ್ಲಿ ಟೇಪು ಹಿಡಿದು ಬರಬೇಕಿದ್ದ ಥೆರಪಿಸ್ಟ್ ಹುಡುಗಿಯನ್ನು ಯಾವುದೋ ತರಬೇತಿಗೆ ಕಳಿಸಿದರು. ಅವಳ ಬದಲು ಆರೋಗ್ಯ ಕೇಂದ್ರದ ಸಾಹೇಬರೇ ಬಂದರು. ಸಾಹೇಬರಿಗೆ ಎರಡು ವಿಷಯ ಇಷ್ಟ: ಯಶಸ್ಸು ಮತ್ತು ಫೋಟೋ. ಗೋಡೆಯಲ್ಲಿ ಎರಡೂ ಒಟ್ಟಿಗೆ ಕಂಡವು.

"ಇದೆಲ್ಲ ನಮ್ಮ ಮಸಾಜಿಂದಾನೇ?"

"ಇನ್ಯಾತರಿಂದ ಸಾರ್!" ಅಂದ ಚಿಕ್ಕಪ್ಪ.

"ನಾನೂ ಒಂದ್ಸಲ ಟೇಪಲ್ಲಿ ನೋಡಿಬಿಡ್ಲಾ?"

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಸಾರ್, ನೀವು ಕೊಟ್ಟ ಇಂಜೆಕ್ಷನ್ ಸರಿ ಬಿತ್ತಾ ಅಂತ ನಾನು ಇನ್ನೊಂದ್ಸಲ ಚುಚ್ಚಿ ನೋಡ್ತೀನಾ?"

ಸಾಹೇಬರು ನಾಚಿ ಟೇಪು ಜೇಬಿಗೆ ಹಾಕಿದರು. ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಬಂದು, "ಸಾರ್, ನಾನೊಂದು ಮಾತು..." ಅಂದಳು.

"ನಿಮ್ಮ ಸಂತೋಷ ಮುಖದಲ್ಲೇ ಕಾಣ್ತಿದೆಯಮ್ಮ, ಮಾತು ಬೇಡ" ಅಂದರು ಸಾಹೇಬರು. "ಬರೋ ಶನಿವಾರ ನಮ್ಮ ಮೀಟಿಂಗ್ ಹಾಲಲ್ಲಿ ಒಂದು ಕಾರ್ಯಕ್ರಮ ಇಡ್ತೀನಿ. ಜಿಲ್ಲೆಯಿಂದ ದೊಡ್ಡ ಸಾಹೇಬರು ಬರ್ತಾರೆ. ನಿಮ್ಮ ಯಜಮಾನರು ಹೊಲಿದ ಕೋಟನ್ನ ನೀವು ವೇದಿಕೆ ಮೇಲೆ ಹಾಕ್ಕೋಬೇಕು. ಹಾಂ, ಇನ್ನು ನಿಮಗೆ ಮಸಾಜ್ ಬೇಕಾಗಲ್ವಲ್ಲ, ನಿಮ್ಮ ಸರದಿ ಬೇರೆಯವರಿಗೆ ಕೊಟ್ಬಿಡ್ತೀವಿ. ಕಾಯ್ತಿರೋರು ತುಂಬಾ ಜನ."

ಚಿಕ್ಕಮ್ಮನ ಮುಖದಲ್ಲಿ ಅಷ್ಟು ಹೊತ್ತು ಕಂಡಿದ್ದದ್ದು ಏನಿತ್ತೋ ಅದೂ ಹೋಯಿತು.

ಸಾಹೇಬರು ಅತ್ತ ಹೋದೊಡನೆ ಅವಳು ಅಂದಳು: "ರೀ, ಕೋಟಿಗೆ ಮೊದಲು ಒಂದ್ಸಲ ತೋಳು ಹಾಕಿ ನೋಡೋಣ. ಕಚ್ಚಾ ಹೊಲಿಗೇಲೇ."

"ಟ್ರಯಲ್ಲಾ? ಹೊಸ ಗಿರಾಕಿಗೆ ಟ್ರಯಲ್ಲು. ಹೆಂಡತಿ ಅಳತೆ ನನಗೆ ಗೊತ್ತಿಲ್ವಾ? ವೇದಿಕೆ ಮೇಲೇ ಹಾಕ್ಕೋ. ಮಡಿಕೆ ಮುರೀದೆ ಇರ್ಲಿ."

ಕೊನೆಗೂ ಕೋಟಿನ ಬಟ್ಟೆ ಹಲಗೆಯಿಂದ ಇಳಿಯಿತು. ಕೊನೆಯ ಪಟ್ಟಿಯನ್ನಿಟ್ಟುಕೊಂಡು ಚಿಕ್ಕಪ್ಪ ಎರಡು ತೋಳನ್ನೂ ಒಂದೇ ಸಮ ಕತ್ತರಿಸಿದ. ಹೊಲಿಯುವಾಗ ಸೀಟಿ ಹಾಕಿದ. ಒಳಗೆ ಅರ್ಧ ಇಂಚು ಬಿಡುವುದನ್ನೂ ಈ ಸಲ ಬಿಟ್ಟ, ಅದರ ಅಗತ್ಯವೇ ಇಲ್ಲವೆಂದು.

ಶನಿವಾರ ಆರೋಗ್ಯ ಕೇಂದ್ರದ ಹಾಲ್ ಜನರಿಂದ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಪಕ್ಕದಲ್ಲಿ ಕಾಲೇಜಿನ ಪ್ರಿನ್ಸಿಪಾಲರು. ಹಿಂದೆ ಟೀಚರ್ ಗದ್ದ ಎತ್ತಿ ಕೂತಿದ್ದರು, ಇಸ್ತ್ರಿಯವನು ಚಪ್ಪಲಿ ಬಿಚ್ಚಿ ಕೂತಿದ್ದ. ಅತ್ತೆ ಮಾತ್ರ, "ಸವರಿದ್ರೆ ಇಳಿಯೋದಾದ್ರೆ ನನ್ನ ಬೆಕ್ಕು ಇಷ್ಟೊತ್ತಿಗೆ ಇಲಿ ಆಗ್ಬೇಕಿತ್ತು" ಅಂತ ಪಕ್ಕದವರಿಗೆಲ್ಲ ಹೇಳುತ್ತಿದ್ದಳು. ತರಬೇತಿ ಮುಗಿಸಿದ ಥೆರಪಿಸ್ಟ್ ಹುಡುಗಿ ಬ್ಯಾಗು ಹೆಗಲಲ್ಲೇ ಇದ್ದಂತೆ ಬಾಗಿಲಲ್ಲಿ ಬಂದು ನಿಂತಳು. ವೇದಿಕೆಯಲ್ಲಿ ಹಗ್ಗ ಕಟ್ಟಿ ಪಟ್ಟಿಗಳನ್ನು ಸಾಲಾಗಿ ನೇತುಹಾಕಿದ್ದರು. ಯಾವುದೋ ಬಡ ರಾಜ್ಯದ ಬಾವುಟಗಳ ಹಾಗಿದ್ದವು.

ಚಿಕ್ಕಪ್ಪ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. "ಜನ ಕೇಳ್ತಾರೆ, ಮಸಾಜ್ ಕೆಲಸ ಮಾಡ್ತೋ ಇಲ್ವೋ ಹೇಗೆ ಹೇಳೋದು ಅಂತ. ನಾನು ಹೇಳ್ತೀನಿ: ಮನುಷ್ಯ ಸುಳ್ಳು ಹೇಳ್ಬಹುದು, ಪಟ್ಟಿ ಹೇಳಲ್ಲ!"

ಚಪ್ಪಾಳೆ. ಚಿಕ್ಕಮ್ಮ ಎದ್ದು ಬಂದಳು. ಬಲಗೈ ತೋಳಿನೊಳಗೆ ಸಲೀಸಾಗಿ ಹೋಯಿತು. ಎಡಗೈ ಹೋಯಿತು, ಹೋಯಿತು, ಮೊಣಕೈ ಹತ್ತಿರ ನಿಂತಿತು.

"ತಳ್ಳು" ಅಂದ ಚಿಕ್ಕಪ್ಪ, ಮೆಲ್ಲಗೆ. ಮೈಕು ಅದನ್ನು ಹಾಲಿಗೆಲ್ಲ ಹೇಳಿತು.

"ಹೋಗ್ತಿಲ್ಲ."

"ಹೊಸ ಬಟ್ಟೆ, ಗಂಜಿ ಜಾಸ್ತಿ. ಉಸಿರು ಬಿಡು."

"ಕೈಯಲ್ಲಿ ಯಾರಾದ್ರೂ ಉಸಿರು ಬಿಡ್ತಾರಾ?"

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಧಾವಿಸಿ ಬಂದು ತೋಳಿನ ತುದಿ ಹಿಡಿದು ಎಳೆದರು. ಫೋಟೋದವನು ಅದನ್ನೇ ಸನ್ಮಾನವೆಂದು ತಿಳಿದು ಫೋಟೋ ತೆಗೆದ. ಅತ್ತೆ ವೇದಿಕೆ ಹತ್ತಿ, "ಬಿಡೋ, ಅದು ಕೈ ಕಣೋ, ದಿಂಬಲ್ಲ!" ಅಂತ ಚಿಕ್ಕಪ್ಪನ ಬೆನ್ನಿಗೆ ಒಂದು ಕೊಟ್ಟಳು. ಥೆರಪಿಸ್ಟ್ ಹುಡುಗಿ ಓಡಿ ಬಂದು, "ಯಾರೂ ಎಳೀಬೇಡಿ, ಆ ಕೈಗೆ ಪೆಟ್ಟಾಗಬಾರದು" ಅಂತ ಎಲ್ಲರನ್ನೂ ಸರಿಸಿ ತೋಳನ್ನು ನಿಧಾನಕ್ಕೆ ಬಿಡಿಸಿದಳು.

"ತೋಳು ಸರಿಯಾಗೇ ಇದೆ!" ಚಿಕ್ಕಪ್ಪನ ದನಿ ಏರಿತು. "ಬೇಕಾದ್ರೆ ನೋಡಿ. ಇದು ಮೊದಲನೇ ಪಟ್ಟಿ, ಇದು ಕೊನೇದು. ಎಷ್ಟು ವ್ಯತ್ಯಾಸ ಇದೆ ಅಂತ..." ಅಂದವನೇ ಎರಡನ್ನೂ ಹಗ್ಗದಿಂದ ಕಿತ್ತು, ಎಲ್ಲರಿಗೂ ಕಾಣಲೆಂದು ಎರಡು ಕೈಯಲ್ಲೂ ಹಿಡಿದು ಎಳೆದ.

ಮೊದಲ ಪಟ್ಟಿ ಇದ್ದ ಹಾಗೇ ಇತ್ತು. ಕೊನೆಯ ಪಟ್ಟಿ ಅವನ ಕಣ್ಣೆದುರೇ ಮೆಲ್ಲಗೆ ಉದ್ದವಾಯಿತು. ಉದ್ದವಾಗಿ ಮೊದಲ ಪಟ್ಟಿಯ ಪಕ್ಕಕ್ಕೆ ಬಂದು ಸಮನಾಗಿ ನಿಂತಿತು. ಬಿಟ್ಟ. ಗಿಡ್ಡವಾಯಿತು. ಮತ್ತೆ ಎಳೆದ. ಮತ್ತೆ ಉದ್ದ.

ಅಜ್ಜಿಯ ಕಥೆಗಳಲ್ಲಿ ಇಂಥ ಕಡೆ ನೆಲ ಬಾಯಿ ತೆರೆದು ಮನುಷ್ಯನನ್ನು ಒಳಗೆ ಕರೆದುಕೊಳ್ಳುತ್ತಿತ್ತು. ಆರೋಗ್ಯ ಕೇಂದ್ರದ ನೆಲಕ್ಕೆ ಗಟ್ಟಿ ಸಿಮೆಂಟು ಹಾಕಿದ್ದರು.

"ಇದು..." ಅಂದ ಚಿಕ್ಕಪ್ಪ. ಮೈಕು ಕಾಯುತ್ತಿತ್ತು. "ಇದು ಕ್ರಾಸ್ ಪಟ್ಟಿ."

"ಹಾಗಂದ್ರೆ?" ಅಂದರು ದೊಡ್ಡ ಸಾಹೇಬರು.

"ಬಟ್ಟೇನ ಉದ್ದಕ್ಕೆ ಕತ್ತರಿಸಿದ್ರೆ ಎಳೆಯೋಕಾಗಲ್ಲ ಸಾರ್. ಓರೆಯಾಗಿ ಕತ್ತರಿಸಿದ್ರೆ ಎಳೆದಷ್ಟೂ ಬರುತ್ತೆ. ಕೊರಳಿಗೆ ಪೈಪಿಂಗ್ ಕೂರ್ಲಿ ಅಂತ ಓರೆಯಾಗೇ ಕತ್ತರಿಸೋದು." ಅವನ ದನಿ ಸೂಜಿಯ ಕಣ್ಣಿನಷ್ಟಾಯಿತು. "ಹೊಲಿಗೆ ಕಲಿಯೋರಿಗೆ ಮೊದಲನೇ ವಾರವೇ ಹೇಳಿಕೊಡ್ತಾರೆ. ನಾನು ಮೊದಲನೇದನ್ನ ನೇರ ಪಟ್ಟೀಲಿ ಅಳೆದೆ. ಉಳಿದದ್ದೆಲ್ಲ ಕ್ರಾಸ್. ಎಳೆದು ಎಳೆದು ಸುತ್ತಿದೀನಿ."

ಟೀಚರ್ ಗದ್ದ ಕೆಳಗಿಳಿಸಿ ಸೆರಗಿನಿಂದ ಮುಚ್ಚಿಕೊಂಡರು. "ಹಾಗಾದ್ರೆ ನನ್ನ ಚಪ್ಪಲಿ ನಿಜ ಹೇಳ್ತಿತ್ತು!" ಅಂದ ಇಸ್ತ್ರಿಯವನು.

"ನೀನು ಇವತ್ತೇ ಡಾಕ್ಟರಿಗೆ ಕಾಲು ತೋರಿಸಯ್ಯ" ಅಂದ ಚಿಕ್ಕಪ್ಪ, ತಲೆಯೆತ್ತದೆ. "ನಾನು ನಿನ್ನ ತಡೆದೆ."

ಸಾಹೇಬರು ಬೆವರು ಒರೆಸಿಕೊಂಡರು. "ಅಂದ್ರೆ ಮಸಾಜಿಂದ ಏನೂ ಆಗೇ ಇಲ್ವಾ?" ಅಂತ ಅವರು ಕೇಳಿದ್ದು ಚಿಕ್ಕಪ್ಪನನ್ನು, ಆಮೇಲೆ ಥೆರಪಿಸ್ಟ್ ಹುಡುಗಿಯನ್ನು, ಆಮೇಲೆ ಯಾಕೋ ನನ್ನನ್ನು. ನಾನು ನನ್ನ ಬೆರಳುಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ಕೈ ನಂದು" ಅಂದಳು ಚಿಕ್ಕಮ್ಮ.

ಲ್ಯಾಬಿನ ಬಾಗಿಲಲ್ಲಿ ನಿಂತು ಪ್ರೊಫೆಸರರನ್ನು ತಡೆಯುವ ದನಿ ಅದು. ಪ್ರಿನ್ಸಿಪಾಲರು ಗೊತ್ತಿಲ್ಲದೆಯೇ ತಮ್ಮ ಅಂಗಿಯ ತೋಳು ಕೆಳಗಿಳಿಸಿಕೊಂಡರು.

"ಇಷ್ಟು ದಿನ ಎಲ್ಲರೂ ಪಟ್ಟೀನ ಕೇಳಿದ್ರಿ. ನನ್ನ ಕೇಳಿದ್ರೆ ಹೇಳ್ತಿದ್ದೆ. ಮೊದಲು ಬೆಳಿಗ್ಗೆ ಏಳುವಾಗ ಈ ಕೈನ ಇನ್ನೊಂದು ಕೈಲಿ ಎತ್ತಿ ಪಕ್ಕಕ್ಕಿಡ್ತಿದ್ದೆ. ಈಗ ಅದೇ ಏಳುತ್ತೆ. ಬೆರಳ ಗೆಣ್ಣು ಕಾಣಿಸ್ತಿದೆ, ನೋಡಿ. ಮಣಿಕಟ್ಟು ಒತ್ತಿದ್ರೆ ಕುಳಿ ಬೀಳ್ತಿತ್ತು, ಈಗ ಬೀಳಲ್ಲ. ಮೇಲುಗಡೆ ಏನೂ ಆಗಿಲ್ಲ. ಇನ್ನೂ ಮಾಡಿದ್ರೆ ಆಗಬಹುದು, ಆಗದೆಯೂ ಇರಬಹುದು. ಅದು ಗೊತ್ತಾಗೋದಕ್ಕೆ ಮೊದಲೇ ನನ್ನ ಸರದಿ ಕಿತ್ಕೊಳ್ತಿದೀರಿ."

ಹುಡುಗಿ ತನ್ನ ಟೇಪು ತೆಗೆದು, ಎಳೆಯದೆ, ಸಡಿಲ ಬಿಡದೆ ಅಳೆದಳು. ಮೊದಲ ದಿನ ತಾನು ಬರೆದುಕೊಂಡಿದ್ದ ಅಂಕಿಗಿಂತ ಮಣಿಕಟ್ಟಿನಲ್ಲಿ ಇಳಿದಿತ್ತು, ಮೊಣಕೈ ಮೇಲೆ ಇದ್ದ ಹಾಗೇ ಇತ್ತು. ಚಿಕ್ಕಮ್ಮ ಹೇಳಿದ್ದೇ. "ಮಸಾಜ್ ಮುಂದುವರಿಸ್ಬೇಕು ಸಾರ್. ಜೊತೆಗೆ ಬಿಗಿ ಪಟ್ಟಿ ಕಟ್ಟೋದೂ ಶುರುಮಾಡೋಣ. ಕಟ್ಟೋದು ನಾನು" ಅಂತ ಕೊನೆಯ ಮಾತನ್ನು ಚಿಕ್ಕಪ್ಪನ ಕಡೆ ನೋಡಿ ಹೇಳಿದಳು.

ದೊಡ್ಡ ಸಾಹೇಬರು ಎದ್ದರು. "ಸರದಿ ಇವರಿಗೇ ಇರ್ಲಿ."

"ಆಯ್ತು ಸಾರ್. ಯಶಸ್ಸು ಮುಂದುವರಿದಿದೆ ಅಂತ ಮಾಡೋಣ" ಅಂದರು ಸಾಹೇಬರು, ಹಗ್ಗದ ಪಟ್ಟಿಗಳನ್ನು ಅವಸರದಲ್ಲಿ ಸುತ್ತಿ ಜೇಬಿಗೆ ತುರುಕುತ್ತ.

ಆಮೇಲಿನ ದಿನಗಳಲ್ಲಿ ಅಂಗಡಿಯ ಶಟರ್ ಬಾಗಿಲು ಅರ್ಧ ಮಾತ್ರ ಏರಿತು. ಚಿಕ್ಕಪ್ಪ ಅದರ ಹಿಂದೆ ಮುಖ ಮರೆಸಿಕೊಂಡು ಕೂತ. ರಸ್ತೆಯವರಿಗೆ ಕಾಣುತ್ತಿದ್ದದ್ದು ಮಿಷನ್ ತುಳಿಯುವ ಎರಡು ಪಾದ. ಬೀದಿಯವರು ಅವನನ್ನು ಬೈಯಲಿಲ್ಲ. ಅದೇ ಅವನನ್ನು ಕೊಂದದ್ದು. ಎಲ್ಲರೂ ಬಹಳ ಒಳ್ಳೆಯತನದಿಂದ, ಅಳತೆ ಬೇಡದ ಕೆಲಸಗಳನ್ನೇ ತಂದುಕೊಡತೊಡಗಿದರು. ಗುಂಡಿ ಹಚ್ಚುವುದು. ದಿಂಬಿನ ಚೀಲ. ಕಿಟಕಿಯ ಪರದೆ, ಅದೂ ತಾವೇ ಮನೆಯಲ್ಲಿ ಅಳೆದು ಗುರುತುಮಾಡಿ. ಟೀಚರ್ ಒಂದು ಕರವಸ್ತ್ರ ತಂದು, "ಸುತ್ತಲೂ ಮಡಚಿ ಹೊಲಿದ್ರೆ ಸಾಕು ಮಾಸ್ಟ್ರೇ, ಚೌಕವಾಗೇ ಇದೆ" ಅಂದರು. ಇಸ್ತ್ರಿಯವನು ಡಾಕ್ಟರು ಕೊಟ್ಟ ಮಾತ್ರೆ ಹಿಡಿದುಕೊಂಡು ಬಂದು, ಕಾಲು ತೋರಿಸಬಾರದೆಂದು ಬಾಗಿಲ ಮರೆಯಲ್ಲೇ ನಿಂತು ಮಾತಾಡಿ ಹೋದ. ಯಾರೂ ಅರ್ಧಿಂಚು ಅನ್ನಲಿಲ್ಲ. ಆ ಹೆಸರು ಅಷ್ಟು ಬೇಕೆನಿಸುತ್ತದೆಂದು ಚಿಕ್ಕಪ್ಪನಿಗೆ ಯಾವತ್ತೂ ಗೊತ್ತಿರಲಿಲ್ಲ.

ಮನೆಯಲ್ಲೂ ಅವನು ಚಿಕ್ಕಮ್ಮನ ಮುಖ ನೋಡದೆ ಊಟ ಮಾಡುತ್ತಿದ್ದ. ತಟ್ಟೆಗೇ ಕೇಳುತ್ತಿದ್ದ: "ಇನ್ನೊಂಚೂರು ಉಪ್ಪು ಸಿಗುತ್ತಾ?"

"ತಟ್ಟೆಗೆ ಗೊತ್ತಿಲ್ವಂತೆ, ನನ್ನ ಕೇಳಿ" ಅಂದಳು ಚಿಕ್ಕಮ್ಮ ಒಂದು ಸಂಜೆ.

ಚಿಕ್ಕಪ್ಪ ಕೈ ತೊಳೆದು ಎದ್ದು ಹೋದ. ಬೇಜಾರು ಮಾಡಿಕೊಂಡನೆಂದು ಅತ್ತೆ ಅಂದುಕೊಂಡಳು. ಆದರೆ ಅವನು ಟೇಪು ಕೊರಳಿಗೆ ಹಾಕಿಕೊಂಡು ವಾಪಸ್ ಬಂದು ಚಿಕ್ಕಮ್ಮನ ಮುಂದೆ ಸ್ಟೂಲಿನ ಮೇಲೆ ಕೂತ. ಮೊದಲ ಸಲ ಅಳತೆ ತೆಗೆಯುವ ಹೊಸ ಕೆಲಸಗಾರನ ಹಾಗೆ, ಟೇಪಿನ ಯಾವ ತುದಿಯಿಂದ ಶುರು ಅಂತ ನೋಡಿಕೊಂಡ.

"ರಜೆ ನಾಳಿದ್ದು ಮುಗಿಯುತ್ತಲ್ಲ" ಅಂದ, ಟೇಪಿಗೆ.

"ಹೂಂ."

"ಕೈ ಕೊಡ್ತೀಯಾ? ಎರಡೂ. ಬೇರೆ ಬೇರೆ ಅಳೀತೀನಿ."

ಚಿಕ್ಕಮ್ಮ ಎರಡೂ ಕೈ ಚಾಚಿದಳು. ಚಿಕ್ಕಪ್ಪ ಮಣಿಕಟ್ಟಿನಲ್ಲಿ ಟೇಪು ಸುತ್ತಿ ನಿಲ್ಲಿಸಿದ.

"ಬಿಗಿನಾ?"

"ಇಲ್ಲ."

ಮೊಣಕೈ ಕೆಳಗೆ. "ಇಲ್ಲಿ?"

"ಸ್ವಲ್ಪ."

ಅವನು ಸಡಿಲಿಸಿದ. "ಈಗ?"

"ಈಗ ಸರಿ."

ಮೇಲೆ ಹೋದ. ಅಲ್ಲಿ ಟೇಪು ಎಷ್ಟು ತೋರಿಸಿತೋ ಅಷ್ಟನ್ನು ನೋಡಿದ. ಬಹಳ ಹೊತ್ತು ನೋಡಿದ. "ಇಷ್ಟಿದ್ಯಾ?" ಅಂತ ಕೇಳಿದ.

"ಇಷ್ಟಿದೆ ಕಣ್ರೀ. ಮೊದಲಿಂದ್ಲೂ ಇಷ್ಟೇ ಇತ್ತು."

"ನೋವಾಗ್ತಿತ್ತಾ? ನಾನು ಎಳೆದು ಸುತ್ತುವಾಗ?"

"ಒಂದೊಂದ್ಸಲ."

ಚಿಕ್ಕಪ್ಪ ಟೇಪನ್ನು ಮೆಲ್ಲಗೆ ಬಿಡಿಸಿದ. ಅತ್ತೆ ಬಾಯಿ ತೆರೆದಳು, ನಾನು ಅವಳ ಸೆರಗು ಜಗ್ಗಿದೆ, ಅವಳು ಮುಚ್ಚಿದಳು. ಅತ್ತೆಯ ಬಾಯಿ ಹಾಗೆ ಮುಚ್ಚಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮರುದಿನ ಬಾಗಿಲು ಪೂರ್ತಿ ಏರಿಸಿ, ಬೀದಿಗೆಲ್ಲ ಕಾಣುವ ಹಾಗೆ ಅವನು ಕೋಟಿನ ಎಡತೋಳನ್ನು ಬಿಚ್ಚಿದ. ಉಳಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಉದ್ದಕ್ಕೆ, ನೇರವಾಗಿ, ಹೊಸ ಅಗಲದ ತೋಳು ಕತ್ತರಿಸಿದ. ಇಸ್ತ್ರಿಯವನು ಬಂದು ನೋಡಿ, "ಮಾಸ್ಟ್ರೇ, ಒಂದು ತೋಳು ದೊಡ್ಡದಾಯ್ತಲ್ಲ?" ಅಂದ.

"ಆಯ್ತು" ಅಂದ ಚಿಕ್ಕಪ್ಪ. "ಕೈ ದೊಡ್ಡದಿದೆ."

ಸಂಜೆ ಚಿಕ್ಕಮ್ಮ ಕನ್ನಡಿಯ ಮುಂದೆ ನಿಂತು ಕೋಟು ಹಾಕಿಕೊಂಡಳು. ಬಲಗೈ ಹೋಯಿತು. ಎಡಗೈ ಹೋಯಿತು, ಮೊಣಕೈ ದಾಟಿತು, ತುದಿಯಲ್ಲಿ ಬೆರಳು ಹೊರಬಂದವು. ಬಲಗೈಯಿಂದ ಎಡತೋಳಿನ ಗುಂಡಿ ಹಾಕಿದಳು. ಬಲತೋಳಿನದನ್ನು ಹಾಕಲು ಚಿಕ್ಕಪ್ಪ ಮುಂದೆ ಬಂದ.

"ಇರಿ" ಅಂದಳು.

ಎಡಗೈಯ ಬೆರಳುಗಳು ಗುಂಡಿಯನ್ನು ಹುಡುಕಿದವು. ಜಾರಿತು. ಮತ್ತೆ ಹಿಡಿದವು. ಇನ್ನೂ ದಪ್ಪಗೇ ಇದ್ದ ಹೆಬ್ಬೆರಳು ಅದನ್ನು ಕಾಜಾದೊಳಗೆ ನಿಧಾನಕ್ಕೆ ತಳ್ಳಿತು. ಅತ್ತೆಯೂ, ನಾನೂ, ಅಲ್ಲೇ ನಿಂತ ಮಾಸ್ಟ್ರೂ ಉಸಿರು ಹಿಡಿದು ನೋಡುತ್ತಿದ್ದಂತೆ, ಗುಂಡಿ ಆಚೆ ಬದಿಗೆ ಬಂತು.